ಬೀಗದ ಕೈ ಯಾರ ಹತ್ತಿರ ಇದೆ? ನಮ್ಮ ಬೀದಿಯ ಗೇಟಿನ ಬಗ್ಗೆ ಒಂದು ಬಹಿರಂಗ ಪತ್ರ

ದಾವಣಗೆರೆ ನಗರದ ರಸ್ತೆಗಳ ಮತ್ತು ಸಂಚಾರದ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ,

ವಿಷಯ: ನಮ್ಮ ಅಡ್ಡರಸ್ತೆಗೆ ಅಡ್ಡಲಾಗಿರುವ ಕಬ್ಬಿಣದ ಪೈಪ್ ಗೇಟನ್ನು ತೆಗೆಸಿಕೊಡುವ ಕುರಿತು.

ಮಾನ್ಯರೇ,

‘ಎಲ್ಲ ಅಧಿಕಾರಿಗಳಿಗೆ’ ಅಂತ ಬರೆದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅರ್ಜಿ ಬರೆಯುವ ಪದ್ಧತಿ ನನಗೂ ಗೊತ್ತಿದೆ. ಮೇಲೆ ಹುದ್ದೆ ಹಾಕಬೇಕು, ಅದರ ಕೆಳಗೆ ಕಚೇರಿ, ಅದರ ಕೆಳಗೆ ಊರು. ಆದರೆ ಈ ಗೇಟು ಯಾವ ಕಚೇರಿಗೆ ಸೇರಿದ್ದು ಅಂತ ಎರಡು ವರ್ಷ ಓಡಾಡಿದರೂ ನನಗೆ ಗೊತ್ತಾಗಲಿಲ್ಲ. ಹೋದಲ್ಲೆಲ್ಲ ಒಂದೇ ಉತ್ತರ: ಅದು ನಮ್ದಲ್ಲ. ಅದಕ್ಕೇ ಊರೆಲ್ಲ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ. ಯಾರದ್ದೋ ಅವರು ಎತ್ತಿಕೊಳ್ಳಿ. ಕಚೇರಿಗಳ ಹೆಸರನ್ನಾಗಲಿ, ಅಲ್ಲಿ ಕೂತವರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಗೇಟಿನ ಮೇಲೆ ಇದೆ.

ನಾನು ನಿವೃತ್ತ ಬಸ್ ಚಾಲಕ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದ್ದೇನೆ. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಶಿವಮೊಗ್ಗ, ಎಲ್ಲ ಕಡೆ ಹೋಗಿ ಬಂದವನು. ಪಿ.ಬಿ. ರಸ್ತೆಯಲ್ಲಿ ಪುಣೆ-ಬೆಂಗಳೂರು ಲಾರಿಗಳೆಲ್ಲ ಊರೊಳಗೇ ನುಗ್ಗುತ್ತಿದ್ದ ಕಾಲವನ್ನೂ ನೋಡಿದ್ದೇನೆ. ರಸ್ತೆಯಲ್ಲಿ ಏನಿರಬೇಕು, ಏನಿರಬಾರದು ಅನ್ನೋದು ಪುಸ್ತಕ ಓದಿ ಕಲಿತದ್ದಲ್ಲ, ಸ್ಟೇರಿಂಗ್ ಹಿಡಿದು ಕಲಿತದ್ದು. ಈಗ ಹದಡಿ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ, ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ಗೇಟಿನಿಂದ ನಾಲ್ಕನೇ ಮನೆ.

ಮೊದಲು ಒಂದು ತಪ್ಪೊಪ್ಪಿಗೆ. ಈ ಗೇಟು ಬೇಕು ಅಂತ ಕೇಳಿದವರು ನಾವೇ. ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಆಗ ಆಗಿದ್ದು ಹೀಗೆ. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿ ಬಂತು. ದೇಶದ 20 ಊರುಗಳಲ್ಲಿ ನಮ್ಮ ದಾವಣಗೆರೆಯೂ ಒಂದು. ನಾವೆಲ್ಲ ಖುಷಿಪಟ್ಟೆವು. ಅದಾಗಿ ಸ್ವಲ್ಪ ಕಾಲಕ್ಕೆ ಊರಲ್ಲಿ ಎಲ್ಲಿ ನೋಡಿದರೂ ಅಗೆತ. ನಮ್ಮ ಬಡಾವಣೆಯ ಪಕ್ಕದ ದೊಡ್ಡ ರಸ್ತೆಯನ್ನೂ ಚರಂಡಿಗೆ, ಕಾಂಕ್ರೀಟಿಗೆ ಅಂತ ಅಗೆದರು. ಅಲ್ಲಿ ದಾರಿ ಕಟ್ಟಾದ ಮೇಲೆ ಲಾರಿ, ಟ್ರ್ಯಾಕ್ಟರ್, ಖಾಸಗಿ ಬಸ್ಸು ಎಲ್ಲವೂ ನಮ್ಮ ಇಪ್ಪತ್ತು ಅಡಿ ಬೀದಿಗೆ ನುಗ್ಗಿದವು. ರಾತ್ರಿ ಮರಳಿನ ಲಾರಿ ಹೋದರೆ ಕಪಾಟಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಅನ್ನುತ್ತಿದ್ದವು. ಮೂಲೆ ಮನೆಯ ಕಾಂಪೌಂಡಿಗೆ ಎರಡು ಸಲ ಗುದ್ದಿದರು. ಮಕ್ಕಳನ್ನು ಹೊರಗೆ ಬಿಡೋಕೆ ಭಯ. ಆಗ ನಾವೆಲ್ಲ ಸೇರಿ ಅರ್ಜಿ ಕೊಟ್ಟೆವು. ಕೆಲಸ ಮುಗಿಯುವ ತನಕ ದೊಡ್ಡ ಗಾಡಿ ಬರದ ಹಾಗೆ ಏನಾದರೂ ಮಾಡಿ ಅಂದೆವು. ‘ಮುಗಿಯುವ ತನಕ’ ಅನ್ನೋ ಮಾತು ಅರ್ಜಿಯಲ್ಲಿತ್ತು. ಚೆನ್ನಾಗಿ ನೆನಪಿದೆ, ಯಾಕಂದರೆ ಬರೆದವನು ನಾನೇ.

ಎಂಟು ದಿನದಲ್ಲಿ ಗೇಟು ಬಂತು. ಅಷ್ಟು ಬೇಗ ಆದದ್ದಕ್ಕೆ ಇವತ್ತಿಗೂ ನನಗೆ ಗೌರವ ಇದೆ. ಎರಡೂ ಬದಿಗೆ ಕಾಂಕ್ರೀಟಿನಲ್ಲಿ ಹೂತ ಕಂಬ. ನಡುವೆ ಸೊಂಟದ ಎತ್ತರಕ್ಕೆ ದಪ್ಪ ಪೈಪು. ಒಂದು ಕಡೆ ಕೀಲು, ಇನ್ನೊಂದು ಕಡೆ ಸರಪಳಿ ಮತ್ತು ಬೀಗ. ಬೈಕು, ಸೈಕಲ್ಲಿಗೆ ಅಂತ ಚರಂಡಿ ಬದಿಯಲ್ಲಿ ಒಂದು ಸಣ್ಣ ಸಂದಿ. ಕಪ್ಪು ಹಳದಿ ಬಣ್ಣ ಬಳಿದಿದ್ದರು, ಹೊಸದರಲ್ಲಿ ನೋಡೋಕೂ ಚೆನ್ನಾಗಿತ್ತು. ಕಾರು, ಆಟೋ ಬಂದಾಗ ಒಬ್ಬ ಹೋಂಗಾರ್ಡ್ ತೆಗೆದು ಬಿಡುತ್ತಿದ್ದ. ಕೆಲವು ತಿಂಗಳಾದ ಮೇಲೆ ಅವನನ್ನು ಬೇರೆ ಕಡೆ ಹಾಕಿದರು. ಬೀಗದ ಕೈ ಮೂಲೆಯ ಕಿರಾಣಿ ಅಂಗಡಿಗೆ ಬಂತು.

ಅಂಗಡಿಯವರು ಅದನ್ನು ಕೆಂಪು ದಾರಕ್ಕೆ ಕಟ್ಟಿ ತಕ್ಕಡಿ ಪಕ್ಕದ ಮೊಳೆಗೆ ನೇತು ಹಾಕಿದ್ದರು. ಯಾರಾದರೂ ಹಾರ್ನ್ ಹೊಡೆದರೆ ಅಕ್ಕಿ ತೂಗುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ತೆಗೆಯುತ್ತಿದ್ದರು. ಅದಕ್ಕೆ ಅವರಿಗೆ ಯಾರೂ ಒಂದು ರೂಪಾಯಿ ಕೊಡಲಿಲ್ಲ. ನಾವೂ ಕೊಡಲಿಲ್ಲ.

ಆಮೇಲೆ ದೊಡ್ಡ ರಸ್ತೆ ಮುಗಿಯಿತು. ಕಾಂಕ್ರೀಟು ಬಂತು, ನಡುವೆ ಡಿವೈಡರ್ ಬಂತು, ದೀಪ ಬಂತು. ಲಾರಿಗಳು ತಮ್ಮ ದಾರಿ ತಾವು ಹಿಡಿದವು. ಗೇಟು ತೆಗೆಯಬೇಕಿತ್ತು. ‘ಇರಲಿ ಬಿಡ್ರಿ, ತೆಗಿತಾರೆ’ ಅಂತ ನಾವೂ ಸುಮ್ನೆ ಇದ್ದೆವು. ಅಷ್ಟರಲ್ಲಿ 2020 ಬಂತು. ಲಾಕ್‌ಡೌನ್. ನಮ್ಮ ಬೀದಿಯಲ್ಲಿ ಒಂದು ಮನೆಗೆ ಕೊರೊನಾ ಬಂದು ಬೀದಿಯನ್ನೇ ಸೀಲ್‌ಡೌನ್ ಮಾಡಿದರು. ಹೇಗೂ ಗೇಟು ರೆಡಿ ಇತ್ತಲ್ಲ, ಅದಕ್ಕೇ ತಗಡು ಬಡಿದು ಹೊಸ ಬೀಗ ಹಾಕಿದರು. ಆಗ ಅದು ಬೇಕಿತ್ತು, ಒಪ್ಪುತ್ತೇನೆ. ಆಮೇಲೆ ತಗಡು ಬಿಚ್ಚಿಕೊಂಡು ಹೋದರು. ಬೀಗ ಬಿಚ್ಚಲಿಲ್ಲ. ಕಿರಾಣಿ ಅಂಗಡಿ ವ್ಯಾಪಾರ ಇಲ್ಲದೆ ಮುಚ್ಚಿತು, ಅವರು ಜಗಳೂರು ಕಡೆ ತಮ್ಮ ಹಳ್ಳಿಗೆ ಹೋದರು. ಕೀ ಬಗ್ಗೆ ಕೇಳೋಣ ಅಂತ ಫೋನ್ ಮಾಡಿದೆ. ‘ಅಣ್ಣಾ, ಹಳೇ ಕೀ ನನ್ ಹತ್ರಾನೇ ಐತೆ. ಆದ್ರೆ ಬೀಗ ಬದಲಾಯ್ಸಿದ್ರಲ್ಲ, ಹೊಸದರ ಕೀ ನಂಗೆ ಯಾರೂ ಕೊಡ್ಲಿಲ್ಲ’ ಅಂದರು. ಪಾಪ, ಹಳೇ ಕೀ ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಹೊಸ ಬೀಗಕ್ಕೆ ಈಗ ಎಷ್ಟು ತುಕ್ಕು ಹಿಡಿದಿದೆ ಅಂದರೆ ಕೀ ಸಿಕ್ಕರೂ ತಿರುಗುವುದು ಅನುಮಾನ. ಕೀ ಹಾಕುವ ತೂತಿನಲ್ಲಿ ಇರುವೆ ಮಣ್ಣು ತುಂಬಿಕೊಂಡಿದೆ. ಬಣ್ಣ ಪೂರ್ತಿ ಹೋಗಿ ಪೈಪು ಮಳೆಗಾಲದ ಕೆಸರಿನ ಬಣ್ಣಕ್ಕೆ ತಿರುಗಿದೆ. ಯಾರೋ ಅದರ ಮೇಲೆ ಬೆಡ್‌ಶೀಟ್ ಒಣಗಿಸುತ್ತಾರೆ. ಚುನಾವಣೆ ಬಂದರೆ ಬ್ಯಾನರ್ ಕಟ್ಟುತ್ತಾರೆ. ಗೇಟಿಗೆ ಈಗ ಇರುವ ಉಪಯೋಗ ಇಷ್ಟೇ.

ತೊಂದರೆ ಏನು, ಸುತ್ತಿಕೊಂಡು ಹೋದರೆ ಆಯ್ತಲ್ಲ ಅಂತ ಒಬ್ಬ ಸಾಹೇಬರು ನನ್ನನ್ನು ಕೇಳಿದರು. ಆಗ ಉತ್ತರ ಹೇಳೋಕೆ ನನಗೆ ಆಗಲಿಲ್ಲ, ಹಿಂದೆ ಜನ ನಿಂತಿದ್ದರು. ಈಗ ಹೇಳುತ್ತೇನೆ.

ಒಂದು ಚಳಿಗಾಲದ ರಾತ್ರಿ, ಎರಡು ಗಂಟೆ ದಾಟಿತ್ತು. ಗೇಟಿನ ಆಚೆ ಎರಡನೇ ಮನೆಯ ಅಜ್ಜನಿಗೆ ಎದೆನೋವು. ಮಗ 108ಕ್ಕೆ ಫೋನ್ ಮಾಡಿದ. ಗಾಡಿ ಬೇಗನೇ ಬಂತು. ಮೊಬೈಲ್‌ನ ಮ್ಯಾಪ್ ತೋರಿಸಿದ ದಾರಿಯಲ್ಲೇ ಬಂತು, ಅಂದರೆ ದೊಡ್ಡ ರಸ್ತೆ ಕಡೆಯಿಂದ. ಮ್ಯಾಪಿಗೆ ನಮ್ಮ ಗೇಟು ಗೊತ್ತಿಲ್ಲ. ಬ್ರೇಕ್ ಸದ್ದಿಗೆ ನನಗೆ ಎಚ್ಚರ ಆಯ್ತು. ಹೊರಗೆ ಬಂದು ನೋಡಿದರೆ ಹೆಡ್‌ಲೈಟ್ ಬೆಳಕಿನಲ್ಲಿ ಪೈಪು, ಪೈಪಿನ ಆಚೆ ಕೈ ಬೀಸುತ್ತಾ ನಿಂತ ಹುಡುಗ. ಡ್ರೈವರ್ ಇಳಿದು ಬೀಗ ಎಳೆದು ನೋಡಿದ. ‘ಯಜಮಾನ್ರೆ, ಕೀ ಯಾರ ಹತ್ರ ಐತ್ರಿ?’ ಅಂದ. ಮೂವತ್ತು ವರ್ಷದ ಸರ್ವಿಸ್‌ನಲ್ಲಿ ನನ್ನನ್ನು ಯಾರೂ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ.

ಹಿಂದಕ್ಕೆ ಹೋಗಿ ಸುತ್ತಿಕೊಂಡು ಬರಬೇಕು ಅಂದರೆ ಕತ್ತಲಲ್ಲಿ, ಎರಡೂ ಬದಿ ಕಾರು ನಿಂತಿರುವ ಬೀದಿಯಲ್ಲಿ, ದೊಡ್ಡ ರಸ್ತೆ ತನಕ ರಿವರ್ಸ್. ಅಲ್ಲಿಂದ ಮುಂದಿನ ಕ್ರಾಸು, ಪಾರ್ಕಿನ ಹಿಂಭಾಗ, ಒಂದು ಶಾಲೆ, ಎರಡು ತಿರುವು. ಆ ಹುಡುಗ ಒಳ್ಳೆಯ ಡ್ರೈವರ್. ಲೆಕ್ಕ ಹಾಕಿ ರಿವರ್ಸ್ ಬೇಡ ಅಂದ. ಸ್ಟ್ರೆಚರ್ ಇಳಿಸಿಕೊಂಡು ಸಂದಿಯಲ್ಲಿ ಹೋದೆವು.

ಆ ಸಂದಿಯನ್ನು ಮರುದಿನ ಟೇಪ್ ಹಿಡಿದು ಅಳೆದೆ. ಎರಡು ಅಡಿ ಹತ್ತು ಅಂಗುಲ. ಸ್ಟ್ರೆಚರ್ ಹಾಯುತ್ತದೆ. ಅದನ್ನು ಎರಡೂ ಬದಿಯಲ್ಲಿ ಹಿಡಿದುಕೊಂಡವರು ಹಾಯುವುದಿಲ್ಲ. ಅಜ್ಜನನ್ನು ಮಲಗಿಸಿಕೊಂಡು ವಾಪಸ್ ಬರುವಾಗ ಮುಂದೆ ಒಬ್ಬ, ಹಿಂದೆ ಒಬ್ಬ ಮಾತ್ರ ಹಿಡಿಯಬೇಕಾಯಿತು. ಬೈಕುಗಳು ಓಡಾಡಿ ಓಡಾಡಿ ಅಲ್ಲಿ ಚರಂಡಿಯ ಸ್ಲ್ಯಾಬ್ ಒಡೆದಿದೆ. ಮುಂದಿನ ಗಾಲಿ ಆ ತೂತಿಗೆ ಇಳಿಯಿತು. ಸ್ಟ್ರೆಚರ್ ವಾಲಿತು. ಅಜ್ಜ ಒಂದು ಕೈ ಎತ್ತಿ ಪೈಪನ್ನೇ ಹಿಡಿದುಕೊಂಡರು. ಅವರ ಮಗ ನನ್ನ ಮುಖ ನೋಡಿದ. ಅವನಿಗೂ ಗೊತ್ತು, ಗೇಟಿನ ಅರ್ಜಿ ಬರೆದವನು ನಾನು ಅಂತ.

ಅಜ್ಜ ಉಳಿದರು. ಈಗ ಚೆನ್ನಾಗಿದ್ದಾರೆ, ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಹಾಗಾಗಿ ‘ಗೇಟಿನಿಂದ ಜೀವ ಹೋಯ್ತು’ ಅಂತ ನಾನು ಬರೆಯುವ ಹಾಗಿಲ್ಲ, ಬರೆಯುವ ಹಾಗೆ ಆಗುವುದೂ ಬೇಡ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು 194ಇ ಅಂತ ಒಂದು ಕಲಂ ಸೇರಿತು. ಆಂಬುಲೆನ್ಸು, ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡದ ಚಾಲಕನಿಗೆ ಕಾಯ್ದೆಯಲ್ಲಿ ಬರೆದಿರುವ ಶಿಕ್ಷೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಒಳ್ಳೆಯ ಕಾನೂನು. ಬಸ್ಸಿನವನಾಗಿ ನಾನು ಸೈರನ್ ಕೇಳಿದರೆ ಗಾಡಿಯನ್ನು ಮಣ್ಣಿಗೆ ಇಳಿಸಿ ದಾರಿ ಬಿಟ್ಟವನು. ಆದರೆ ದಾರಿ ಬಿಡದೆ ನಿಂತಿದ್ದು ಮನುಷ್ಯ ಅಲ್ಲ, ಒಂದು ಪೈಪು ಅಂದರೆ ಚೀಟಿ ಯಾರ ಹೆಸರಿಗೆ ಹರಿಯಬೇಕು?

ಇನ್ನು ದಿನನಿತ್ಯದ ಗೋಳು. ಕಸದ ಗಾಡಿ ಹಾಡು ಹಾಕಿಕೊಂಡು ಗೇಟಿನ ತನಕ ಬಂದು ತಿರುಗುತ್ತದೆ. ಆಚೆಯವರು ಬಕೆಟ್ ಹಿಡಿದು ಓಡಿ ಬರುವಷ್ಟರಲ್ಲಿ ಹಾಡು ಮುಂದಿನ ಬೀದಿಯಲ್ಲಿ ಕೇಳಿಸುತ್ತದೆ. ಬಂದವರು ಏನು ಮಾಡುತ್ತಾರೆ? ಕವರನ್ನು ಕಂಬದ ಬುಡಕ್ಕೆ ಇಟ್ಟು ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನಾಯಿಗಳು ಅದನ್ನು ಬೀದಿ ತುಂಬಾ ಹರಡಿರುತ್ತವೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ತರಿಸಿದರೆ ಗೇಟಿನ ಈಚೆ ನಿಲ್ಲಿಸಿ ಉದ್ದಕ್ಕೆ ಪೈಪ್ ಎಳೆಯಬೇಕು. ಸೊಪ್ಪು ತರಕಾರಿ ತಳ್ಳುಗಾಡಿಯ ಅಕ್ಕನ ಗಾಡಿ ಸಂದಿಯಲ್ಲಿ ಹಿಡಿಯುವುದಿಲ್ಲ. ಆಚೆ ಕಡೆಯವರಿಗೆ ಬೇಕಾದರೆ ಅವರೇ ಬರಲಿ ಅಂತ ಅಲ್ಲೇ ನಿಂತು ಕೂಗುತ್ತಾಳೆ, ತಪ್ಪೇನೂ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಕಟ್ಟೆ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಲೋಟ ಖಾಲಿಯಾಗುವಷ್ಟರಲ್ಲಿ ಮೂರು ಆಟೋ, ಒಂದು ಕಾರು ಬಂದು ಗೇಟು ನೋಡಿ ತಿರುಗಿದವು. ಇಪ್ಪತ್ತು ಅಡಿ ಬೀದಿಯಲ್ಲಿ, ಎರಡು ಕಾರು ನಿಂತಿರುವಾಗ, ತಿರುಗಿಸೋದು ಅಂದರೆ ಏನು ಅಂತ ಡ್ರೈವರ್‌ಗಳಿಗೆ ಗೊತ್ತು. ಮುಂದೆ, ಹಿಂದೆ, ಮತ್ತೆ ಮುಂದೆ. ಹಿಂದೆ ಬರುವಾಗ ಮಗು ಕಾಣಿಸುವುದಿಲ್ಲ. ನೇರ ಹೋಗುವ ಗಾಡಿಗಿಂತ ರಿವರ್ಸ್ ಬರುವ ಗಾಡಿ ಮನೆ ಮುಂದಿನ ಮಕ್ಕಳಿಗೆ ಜಾಸ್ತಿ ಅಪಾಯ. ಮಕ್ಕಳಿಗಾಗಿ ಹಾಕಿಸಿದ ಗೇಟು ಈಗ ಮಕ್ಕಳ ನಡುವೆಯೇ ಗಾಡಿಗಳನ್ನು ಹಿಂದೆ ಮುಂದೆ ಆಡಿಸುತ್ತಿದೆ.

ಕರೆಂಟ್ ಹೋದ ಒಂದು ಸಂಜೆ ಟ್ಯೂಷನ್ನಿಂದ ಬರುತ್ತಿದ್ದ ಹುಡುಗ ಸೈಕಲ್ ಸಮೇತ ಪೈಪಿಗೆ ಹೊಡೆದ. ಮುಂದಿನ ಹಲ್ಲು ಅರ್ಧ ಮುರಿಯಿತು. ಪೈಪಿಗೆ ಹೊಳೆಯುವ ಪಟ್ಟಿ ಇಲ್ಲ, ಕೆಂಪು ದೀಪ ಇಲ್ಲ, ಬೋರ್ಡು ಇಲ್ಲ. ಎದುರಿನಿಂದ ಹೈಬೀಮ್ ಹಾಕಿಕೊಂಡು ಬೈಕ್ ಬಂದರೆ ನನ್ನಂಥ ಹಳೇ ಕಣ್ಣಿಗಂತೂ ಅದು ಕಾಣುವುದೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ನಾನು ಅಲೆಯಲು ಶುರು ಮಾಡಿದ್ದು. ಮೊದಲ ಕಚೇರಿಯಲ್ಲಿ, ರಸ್ತೆ ನಮ್ಮದು, ಗೇಟು ನಮ್ಮದಲ್ಲ, ಸಂಚಾರ ನೋಡಿಕೊಳ್ಳುವವರು ಹಾಕಿದ್ದು ಅಂದರು. ಎರಡನೇ ಕಚೇರಿಯಲ್ಲಿ, ನಾವು ಹಾಕಿ ಅಂತ ಹೇಳಿದ್ದು ನಿಜ ಇರಬಹುದು, ಆದರೆ ಹಾಕಿದ್ದು ರಸ್ತೆಯವರು, ತೆಗೆಯುವುದೂ ಅವರೇ ಅಂದರು. ಮೂರನೆಯ ಕಡೆ, ಆ ಕಾಮಗಾರಿಯ ಗುತ್ತಿಗೆದಾರನೇ ತೆಗೆಯಬೇಕಿತ್ತು, ಅವನ ಬಿಲ್ಲು ಯಾವಾಗಲೋ ಆಗಿ ಹೋಗಿದೆ ಅಂದರು. ಎಲ್ಲರೂ ಚೆನ್ನಾಗಿಯೇ ಮಾತಾಡಿದರು. ಒಬ್ಬರು ಟೀ ತರಿಸಿದರು. ಆದರೆ ಗೇಟು ಎಲ್ಲಿತ್ತೋ ಅಲ್ಲೇ.

ಕೊನೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂರು ಪ್ರಶ್ನೆ. ಯಾವ ಆದೇಶದ ಮೇಲೆ ಹಾಕಿದ್ದು? ಎಷ್ಟು ದಿನಕ್ಕೆ? ಬೀಗದ ಕೈ ಯಾರ ಸುಪರ್ದಿಯಲ್ಲಿದೆ? ಮೂವತ್ತು ದಿನದೊಳಗೆ ಉತ್ತರ ಬಂತು, ಅದಕ್ಕೆ ವಂದನೆ. ಉತ್ತರ ಏನು ಅಂದರೆ, ಇಂಥ ಗೇಟಿನ ಬಗ್ಗೆ ಕಡತ ಲಭ್ಯವಿಲ್ಲ. ಇನ್ನೊಂದು ಕಚೇರಿಗೂ ಹಾಕಿದೆ. ಅಲ್ಲಿಯೂ ಲಭ್ಯವಿಲ್ಲ. ಕಡತದಲ್ಲಿ ಇಲ್ಲ, ಬೀದಿಯಲ್ಲಿ ಇದೆ. ಆ ಎರಡೂ ಉತ್ತರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೇಟಿಗೇ ನೇತು ಹಾಕೋಣ ಅಂತ ನಮ್ಮ ಬೀದಿಯ ಹುಡುಗರು ಅಂದರು. ಬೇಡ ಅಂದೆ. ಸ್ವಲ್ಪ ಆಸೆ ನನಗೂ ಇತ್ತು.

ಮಾನ್ಯರೇ, ಕಾನೂನು ಹೇಳಿ ನಿಮ್ಮನ್ನು ಹೆದರಿಸುವಷ್ಟು ದೊಡ್ಡವನಲ್ಲ ನಾನು. ಆದರೆ ವಕೀಲಿಕೆ ಓದಿದ ನನ್ನ ಸೊಸೆ ಒಂದು ಸಂಗತಿ ತೋರಿಸಿದಳು, ಅದನ್ನು ಹೇಳಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ. ಜನರ ಸುರಕ್ಷತೆಗೆ, ಅನುಕೂಲಕ್ಕೆ ಅಂತ ಒಂದು ರಸ್ತೆಯಲ್ಲಿ ವಾಹನಗಳನ್ನು ತಡೆಯುವ ಅಧಿಕಾರ ಸರ್ಕಾರಕ್ಕೆ, ಸರ್ಕಾರ ಅಧಿಕಾರ ಕೊಟ್ಟವರಿಗೆ ಇದೆ. ಆದರೆ ಅದನ್ನು ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿ ಮಾಡಬೇಕು. ಒಂದು ತಿಂಗಳು ಮೀರದ ತಡೆ ಆದರೆ ಮಾತ್ರ ಅಧಿಸೂಚನೆ ಬೇಡ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಅಂದರೆ ತಾತ್ಕಾಲಿಕ ಅನ್ನೋದಕ್ಕೆ ಕಾನೂನೇ ಒಂದು ಅಳತೆ ಇಟ್ಟಿದೆ, ಒಂದು ತಿಂಗಳು. ನಮ್ಮ ಗೇಟಿನ ವಯಸ್ಸು ಎಷ್ಟು ಅಂದರೆ, ಅದು ಬಂದಾಗ ಅಂಬೆಗಾಲಿಡುತ್ತಿದ್ದ ನನ್ನ ಮೊಮ್ಮಗ ಈಗ ಅದರ ಮೇಲೆ ಕೂತು ಕಾಲು ಅಲ್ಲಾಡಿಸುತ್ತಾನೆ.

ಕಾರಣ ಹೋದ ಮೇಲೆ ಗೇಟು ಎತ್ತುವುದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ನಾನು ಚಿಕ್ಕವನಿದ್ದಾಗ ಊರಿನ ಬಾಗಿಲಲ್ಲೇ ಸುಂಕದ ನಾಕಾ ಇರುತ್ತಿತ್ತು. ಸಾಮಾನು ತುಂಬಿದ ಗಾಡಿ ಬಂದರೆ ಅಡ್ಡಗಂಬ ಬೀಳುತ್ತಿತ್ತು, ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸಾಮಾನಿನ ಸುಂಕ, ಕಟ್ಟಿದ ಮೇಲೆ ಏಳುತ್ತಿತ್ತು. ನಮ್ಮಪ್ಪ ಹತ್ತಿಯ ಗಾಡಿ ಹೊಡೆಯುತ್ತಿದ್ದವರು, ನಾಕಾ ಮುಂದೆ ಗಂಟೆಗಟ್ಟಲೆ ಎತ್ತು ಬಿಚ್ಚಿ ಕೂರುತ್ತಿದ್ದರು. 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾಯಿತು. ವಸೂಲಿ ನಿಂತ ಮೇಲೆ ಅಡ್ಡಗಂಬಕ್ಕೆ ಕೆಲಸ ಎಲ್ಲಿ? ತೆರಿಗೆ ವಸೂಲಿಗೆ ಅಂತ ಇದ್ದ ಗೇಟುಗಳೇ ಹೋದವು. ಯಾರಿಗೂ ಒಂದು ಪೈಸೆ ಆದಾಯ ತರದ ನಮ್ಮ ಬೀದಿಯ ಗೇಟು ಯಾಕೆ ನಿಂತಿರಬೇಕು, ಅಲ್ವಾ?

ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ನಿಂತು ನಿಂತು ಬೆಳೆದವರು ನಾವು, ದಾವಣಗೆರೆ ಜನ. ಕಾಯೋದು ನಮಗೆ ಕಷ್ಟ ಅಲ್ಲ. ಬಸ್ಸಿನಲ್ಲಿ ಕೂತು ಅಲ್ಲಿ ಎಷ್ಟು ಸಲ ಬೈದುಕೊಂಡಿದ್ದೇನೋ ಲೆಕ್ಕವಿಲ್ಲ. ಆದರೂ ರೈಲು ಹೋದ ಮೇಲೆ ಅದು ಮೇಲೇಳುತ್ತೆ ಅನ್ನೋ ನಂಬಿಕೆ ಇರುತ್ತಿತ್ತು. ನಮ್ಮ ಬೀದಿಯಲ್ಲಿ ರೈಲು ಯಾವತ್ತೋ ಹೋಗಿಯಾಗಿದೆ.

ಇನ್ನೊಂದು ಮಾತು ಮುಚ್ಚಿಡಬಾರದು. ನಮ್ಮ ಬೀದಿಯಲ್ಲೇ ಗೇಟು ಇರಲಿ ಅನ್ನುವವರು ಇದ್ದಾರೆ. ನಾಲ್ಕೈದು ಮನೆ. ಅವರ ಮಾತಿನಲ್ಲೂ ಸತ್ಯ ಇದೆ. ಗೇಟು ತೆಗೆದರೆ ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸೋಕೆ ಬೈಕಿನವರು, ಕಾರಿನವರು ಇಲ್ಲೇ ನುಗ್ಗುತ್ತಾರೆ ಅನ್ನುತ್ತಾರೆ. ಸಂಜೆ ಹುಡುಗರು ಕ್ರಿಕೆಟ್ ಆಡುತ್ತಾರೆ, ಅವರಿಗೆ ಗೇಟೇ ಬೌಂಡರಿ. ಒಬ್ಬರು ಗೇಟಿಗೆ ತಾಗಿಸಿ ಕಾರು ನಿಲ್ಲಿಸುತ್ತಾರೆ, ಅದು ಅವರಿಗೆ ಸಿಕ್ಕ ಪುಕ್ಕಟೆ ಪಾರ್ಕಿಂಗು. ಅದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ, ಅವರು ನನಗೆ ದೂರದ ನೆಂಟರಾದರೂ.

ವೇಗದ ಭಯ ಮಾತ್ರ ನಿಜ. ಆದರೆ ಗೇಟು ಅದನ್ನು ತಡೆಯುತ್ತಿಲ್ಲ. ಜೋರಾಗಿ ಬರುವವರು ಬೈಕಿನ ಹುಡುಗರು, ಅವರು ಆ ಸಂದಿಯಲ್ಲಿ ಹಾವಿನ ಹಾಗೆ ನುಸುಳುತ್ತಾರೆ. ನಿಂತು ಹೋಗಿರುವುದು ಆಂಬುಲೆನ್ಸು, ಕಸದ ಗಾಡಿ, ಟ್ಯಾಂಕರು. ವೇಗಕ್ಕೆ ಸರಿಯಾದ ಮದ್ದು ರಸ್ತೆ ಉಬ್ಬು. ಅದೂ ನಮ್ಮ ಕಡೆ ರಾತ್ರೋರಾತ್ರಿ ಸಿಮೆಂಟ್ ಸುರಿದು ಗೋಡೆ ಹಾಗೆ ಎಬ್ಬಿಸುತ್ತಾರಲ್ಲ, ಆ ಥರದ್ದು ಬೇಡ. ಅಂಥ ಹಂಪುಗಳಲ್ಲಿ ಎಷ್ಟು ಬಸ್ಸಿನ ಹಿಂದಿನ ಸೀಟಿನವರ ಸೊಂಟ ಹೋಗಿದೆ ಅಂತ ನನ್ನನ್ನು ಕೇಳಿ. ರಸ್ತೆಗಳ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆಯ ಅಳತೆ ಇದೆ: ಅಗಲ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್, ದುಂಡಗೆ ಏರಿ ದುಂಡಗೆ ಇಳಿಯಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಗಾಡಿಗೂ ತೊಂದರೆ ಇಲ್ಲ, ಸೊಂಟಕ್ಕೂ ಇಲ್ಲ. ಜೋರಾಗಿ ಹೋದವನಿಗೆ ಮಾತ್ರ ಅದು ಬುದ್ಧಿ ಹೇಳುತ್ತದೆ. ಮೇಲೆ ಬಿಳಿ ಪಟ್ಟೆ, ಮುಂಚೆ ಒಂದು ಎಚ್ಚರಿಕೆ ಬೋರ್ಡು. ಬೀದಿಯ ಬಾಯಲ್ಲಿ ಭಾರಿ ವಾಹನಗಳಿಗೆ ಪ್ರವೇಶ ಇಲ್ಲ ಅಂತ ಇನ್ನೊಂದು ಬೋರ್ಡು. ಇಷ್ಟು ಮಾಡಿದರೆ ಗೇಟು ಇರಲಿ ಅನ್ನುವ ಆ ನಾಲ್ಕೈದು ಮನೆಯವರೂ ಒಪ್ಪುತ್ತಾರೆ. ಕೂತು ಮಾತಾಡಿದ್ದೇನೆ. ಕಾರಿನವರನ್ನು ಬಿಟ್ಟು.

ಹಾಗಾದರೆ ನಾನು ಕೇಳುತ್ತಿರುವುದು ಏನು? ಮೊದಲು, ನಿಮ್ಮಲ್ಲಿ ಯಾರಾದರೂ ಒಬ್ಬರು ಈ ಗೇಟು ನಮ್ಮದು ಅಂತ ಬರವಣಿಗೆಯಲ್ಲಿ ಒಪ್ಪಿಕೊಳ್ಳಿ. ಒಪ್ಪಿಕೊಂಡವರನ್ನು ನಾವು ಯಾಕೆ ಇಷ್ಟು ದಿನ ಸುಮ್ಮನಿದ್ದಿರಿ ಅಂತ ಕೇಳುವುದಿಲ್ಲ, ನಾವೂ ಸುಮ್ಮನಿದ್ದವರೇ. ಯಾರೂ ಒಪ್ಪದಿದ್ದರೆ ಮೂರೂ ಕಚೇರಿಯವರು ಒಂದು ದಿನ ಒಟ್ಟಿಗೆ ಬೀದಿಗೆ ಬಂದು ಗೇಟಿನ ಮುಂದೆ ನಿಂತು ತೀರ್ಮಾನ ಮಾಡಿ. ನೆರಳಿಗೆ ಬೇವಿನ ಮರ ಇದೆ. ತೀರ್ಮಾನ ಆಗುವ ತನಕ ಬೀಗ ಒಡೆದು ಪೈಪನ್ನು ಬದಿಗೆ ತಿರುಗಿಸಿ ಕಟ್ಟಿಬಿಡಿ, ಅದಕ್ಕೆ ಕಡತ ಬೇಕಾಗಿಲ್ಲ, ಸುತ್ತಿಗೆ ಸಾಕು. ನಾವೇ ಒಡೆಯಬಹುದಿತ್ತು. ನಮ್ಮ ಹುಡುಗರು ಎರಡು ಸಲ ಹೊರಟಿದ್ದರು, ನಾನೇ ತಡೆದೆ. ಸರ್ಕಾರಿ ಆಸ್ತಿ ಮುಟ್ಟಬೇಡ್ರಪ್ಪ ಅಂದೆ. ಅದು ಸರ್ಕಾರಿ ಆಸ್ತಿಯೇ ಅಲ್ಲ ಅಂತ ಸರ್ಕಾರವೇ ಎರಡು ಸಲ ಬರೆದು ಕೊಟ್ಟಿದೆಯಲ್ಲ ತಾತ ಅಂತ ಅವರು ವಾದ ಮಾಡುತ್ತಾರೆ. ಇನ್ನು ಎಷ್ಟು ದಿನ ಅವರನ್ನು ತಡೆಯೋಕೆ ಆಗುತ್ತೋ ಗೊತ್ತಿಲ್ಲ.

ತೆಗೆಯುವಾಗ ಒಂದು ವಿಷಯ ದಯವಿಟ್ಟು ಗಮನಿಸಿ. ಇದನ್ನು ಡ್ರೈವರ್ ಆಗಿ ಹೇಳುತ್ತಿದ್ದೇನೆ. ಕಂಬವನ್ನು ನೆಲದಿಂದ ಒಂದು ಗೇಣು ಮೇಲೆ ಕತ್ತರಿಸಿ ಬಿಟ್ಟು ಹೋಗಬೇಡಿ. ನಮ್ಮೂರಲ್ಲಿ ಎಷ್ಟೋ ಕಡೆ ಹಾಗೆ ಉಳಿದ ಮೊಂಡು ಕಬ್ಬಿಣ ಇದೆ. ಅದು ಟೈರು ಸೀಳುತ್ತದೆ, ನಡೆಯುವವರ ಕಾಲು ಸೀಳುತ್ತದೆ, ಎತ್ತರದ ಗೇಟಿಗಿಂತ ಅದೇ ಕೆಟ್ಟದ್ದು. ಕಾಂಕ್ರೀಟ್ ಬುಡ ಸಮೇತ ಕಿತ್ತು ಗುಂಡಿ ಮುಚ್ಚಿ. ಹಾಗೇ ಆ ಒಡೆದ ಸ್ಲ್ಯಾಬನ್ನೂ ಬದಲಾಯಿಸಿ.

ಇನ್ನೊಂದು ಕೋರಿಕೆ, ಇದು ನಮ್ಮ ಬೀದಿಗಷ್ಟೇ ಅಲ್ಲ. ಕೆಲಸಕ್ಕೆ ಅಂತ, ಜಾತ್ರೆಗೆ ಅಂತ, ಗಣೇಶನ ಮೆರವಣಿಗೆಗೆ ಅಂತ ಊರಲ್ಲಿ ಅಡ್ಡ ಹಾಕುವುದು ಬೇಕಾಗುತ್ತದೆ. ಹಾಕಿ. ಆದರೆ ಪ್ರತಿ ತಡೆಗೂ ಒಂದು ಸಣ್ಣ ತಗಡಿನ ಫಲಕ ತೂಗು ಹಾಕಿ. ಹಾಕಿದ ತಾರೀಕು, ತೆಗೆಯುವ ತಾರೀಕು, ಕಚೇರಿ, ಒಂದು ಫೋನ್ ನಂಬರ್. ಬಸ್ಸಿನಲ್ಲಿ ಫಸ್ಟ್ ಏಡ್ ಪೆಟ್ಟಿಗೆ ಮೇಲೂ ಔಷಧಿಯ ಕೊನೆಯ ತಾರೀಕು ನೋಡಿ ಗಾಡಿ ತೆಗೆದವನು ನಾನು. ರಸ್ತೆಗೆ ಅಡ್ಡ ಹಾಕುವ ಕಬ್ಬಿಣಕ್ಕೆ ಅಷ್ಟಾದರೂ ಬೇಡವೇ? ನಮ್ಮ ಗೇಟಿಗೆ ಅಂಥ ಒಂದು ಫಲಕ ಇದ್ದಿದ್ದರೆ ಆ ರಾತ್ರಿ ಡ್ರೈವರ್ ಹುಡುಗನಿಗೆ ಹೇಳೋಕೆ ನನ್ನ ಹತ್ತಿರ ಒಂದು ಉತ್ತರ ಇರುತ್ತಿತ್ತು.

ಈ ಪತ್ರದ ಜೊತೆ ಎರಡು ಮಾಹಿತಿ ಹಕ್ಕಿನ ಉತ್ತರಗಳ ಪ್ರತಿ, ಗೇಟಿನ ನಾಲ್ಕು ಫೋಟೋ, ಬೀದಿಯ ಮೂವತ್ತೊಂದು ಮನೆಯವರ ಸಹಿ ಇಟ್ಟಿದ್ದೇನೆ. ಮೂರೂ ಕಚೇರಿಗೆ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡಿದ್ದೇನೆ. ಸಹಿಗಳಲ್ಲಿ ಮೊದಲನೆಯದು ಆ ಅಜ್ಜನದ್ದು. ಕೈ ಸ್ವಲ್ಪ ನಡುಗಿದೆ, ಆದರೂ ಓದೋಕೆ ಬರುತ್ತದೆ.

ಕಟಿಂಗ್ ಮಷಿನ್ ತಂದವರಿಗೆ ಕರೆಂಟ್ ಬೇಕಾಗುತ್ತದೆ. ನಮ್ಮ ಮನೆಯಿಂದ ಕೊಡುತ್ತೇನೆ, ಉದ್ದನೆಯ ವೈರು ಈಗಲೇ ತಂದಿಟ್ಟಿದ್ದೇನೆ. ಬೆಳಿಗ್ಗೆ ಬಂದರೆ ಬೆಣ್ಣೆ ದೋಸೆ, ಸಂಜೆ ಬಂದರೆ ಮಂಡಕ್ಕಿ ಮಿರ್ಚಿ ನಮ್ಮ ಕಡೆಯಿಂದ. ಬರುವ ಹಿಂದಿನ ದಿನ ಮಾತ್ರ ಒಂದು ಮಾತು ತಿಳಿಸಿ, ಗೇಟಿಗೆ ತಾಗಿಸಿ ನಿಲ್ಲಿಸಿದ ಆ ಕಾರನ್ನು ತೆಗೆಸಬೇಕಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಗೇಟಿನಿಂದ ನಾಲ್ಕನೇ ಮನೆಯವನು,
ನಿವೃತ್ತ ಬಸ್ ಚಾಲಕ,
ದಾವಣಗೆರೆ